ಬೊಂಡುವಿನಿಂದ ನಯಾಗರಾದವರೆಗೆ: ರಿಚರ್ಡ್ ಪಿಯರ್‌ಪಾಯಿಂಟ್ ಕುಲಶೋಧದ ಹಾದಿ

ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ (1775-1783) ಬ್ರಿಟಿಷ್ ದೊರೆಯ ಪಕ್ಷ ವಹಿಸಿ, ಸೋಲಿನ ಬಳಿಕ ನೆಲೆ ಕಳೆದುಕೊಂಡು ಕೆನಡಾ ಮುಂತಾದ ಕಡೆಗಳಿಗೆ ವಲಸೆ ಹೋದವರನ್ನು ‘ಲಾಯಲಿಸ್ಟರು’, ಅಂದರೆ ರಾಜನಿಷ್ಠರು, ಎಂದು ಇತಿಹಾಸದಲ್ಲಿ ಕರೆಯಲಾಗುತ್ತದೆ. ಮೂರನೆಯ ಮೈಸೂರು ಯುದ್ಧದಿಂದಾಗಿ ಕನ್ನಡಿಗರಿಗೆ ಪರಿಚಿತನಾದ ಲಾರ್ಡ್ ಕಾರ್ನ್‌ವಾಲಿಸ್ 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದದ್ದು ಇದೇ ಸಮರದಲ್ಲಿ. ರಾಜನಿಷ್ಠರ ವಂಶಸ್ಥರು ತಮ್ಮ ಪೂರ್ವಿಕರನ್ನು ಹುಡುಕುವ ಕಾರ್ಯ ಇಂದಿಗೂ ಕೆನಡಾದಲ್ಲಿ ವ್ಯಾಪಕವಾಗಿ ನಡೆಯುತ್ತಿದೆ. ಆದರೆ ಎಲ್ಲ ರಾಜನಿಷ್ಠರ ಕುಲವೂ ಒಂದೇ ದಾರಿಯಲ್ಲಿ ಸಿಗುವುದಿಲ್ಲ. ಗುಲಾಮಗಿರಿಯಿಂದ ಬಂದು ಸೈನಿಕನೂ ರೈತನೂ ಆದ ರಿಚರ್ಡ್ ಪಿಯರ್‌ಪಾಯಿಂಟ್‌ನ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ.

ಒಂದೇ ಪಡೆ, ಎರಡು ಬಗೆಯ ದಾಖಲೆ

ನಯಾಗರಾ ಗಡಿಯಲ್ಲಿ ಬ್ರಿಟಿಷರ ಪರವಾಗಿ ಕಾದಿದ ‘ಬಟ್ಲರ್ಸ್ ರೇಂಜರ್ಸ್’ ಪಡೆಯನ್ನು 1777ರಲ್ಲಿ ಜಾನ್ ಬಟ್ಲರ್ ಕಟ್ಟಿದನು. ಈತನ ವಂಶವನ್ನು ಅರಿಯುವುದು ಕಷ್ಟವಲ್ಲ. 1728ರಲ್ಲಿ ಕನೆಕ್ಟಿಕಟ್‌ನ ನ್ಯೂ ಲಂಡನ್‌ನಲ್ಲಿ ನಡೆದ ದೀಕ್ಷಾಸ್ನಾನದ ದಾಖಲೆ, ಸೇನೆಯಲ್ಲಿದ್ದ ತಂದೆಯ ಹೆಸರು, ಮೊಹಾಕ್ ಕಣಿವೆಯ ಜಮೀನು, ಡಚ್ ಮೂಲದ ಪತ್ನಿ ಕ್ಯಾಥರೀನ್ ಬ್ರಾಟ್, 1781ರಲ್ಲಿ ಯುದ್ಧದಲ್ಲಿ ಮಡಿದ ಮಗ ವಾಲ್ಟರ್, ಹೀಗೆ ಮೂರು ತಲೆಮಾರು ಕಾಗದದ ಮೇಲೆ ಸಾಲಾಗಿ ನಿಲ್ಲುತ್ತವೆ.

ಅದೇ ಪಡೆಯಲ್ಲಿದ್ದ ಪಿಯರ್‌ಪಾಯಿಂಟ್‌ಗೆ ಇಂತಹ ಯಾವ ಸಾಲೂ ಇಲ್ಲ. ಆತನ ತಾಯಿತಂದೆಯರ ಹೆಸರಾಗಲಿ, ಅವರು ಇಟ್ಟ ಹೆಸರಾಗಲಿ ಯಾವ ದಾಖಲೆಯಲ್ಲಿಯೂ ಉಳಿದಿಲ್ಲ. ಉಳಿದಿರುವುದು ಸೇನೆಯ ಪಟ್ಟಿಗಳು, ಭೂಮಿಯ ಕಡತಗಳು, ಆತ ಸರ್ಕಾರಕ್ಕೆ ಸಲ್ಲಿಸಿದ ಮನವಿಗಳು ಮತ್ತು ಒಂದು ಮರಣಶಾಸನ. ಇವುಗಳ ಆಧಾರದಿಂದಲೇ ಆತನ ಜೀವನವನ್ನು ಪುನಾರಚಿಸಬೇಕಾಗುತ್ತದೆ.

ಮೂಲದ ಸುಳಿವು

ಆತನ ಆರಂಭದ ಬದುಕು ತಿಳಿಯುವುದು 1821ರಲ್ಲಿ ಆತನೇ ಬರೆಯಿಸಿದ ಮನವಿಯಿಂದ. ಅದರ ಪ್ರಕಾರ ಆತ ಬೊಂಡು ದೇಶದವನು. ಹದಿನಾರನೆಯ ವಯಸ್ಸಿನಲ್ಲಿ ಸೆರೆಸಿಕ್ಕಿ, ಗುಲಾಮನಾಗಿ ಮಾರಾಟಗೊಂಡು, 1760ರ ಸುಮಾರಿಗೆ ಅಮೆರಿಕಕ್ಕೆ ಸಾಗಿಸಲ್ಪಟ್ಟನು. ಅಲ್ಲಿ ಒಬ್ಬ ಬ್ರಿಟಿಷ್ ಅಧಿಕಾರಿ ಆತನನ್ನು ಕೊಂಡುಕೊಂಡನು. ಈ ಲೆಕ್ಕದಲ್ಲಿ ಜನನ 1744ರ ಸುಮಾರು ಎಂದು ಊಹಿಸಲಾಗಿದೆ.

ಬೊಂಡು ಇಂದಿನ ಸೆನೆಗಲ್ ದೇಶದ ಪೂರ್ವಭಾಗದಲ್ಲಿದ್ದ ಫುಲಾನಿ ಮುಸ್ಲಿಂ ರಾಜ್ಯ. ಇದೇ ನಾಡಿನ ಅಯೂಬ ಸುಲೇಮಾನ್ ಡಿಯಾಲೊ ಎಂಬಾತ 1730ರ ದಶಕದ ಆರಂಭದಲ್ಲಿ ಗುಲಾಮನಾಗಿ ಮೇರಿಲ್ಯಾಂಡ್ ಸೇರಿದ್ದನು. ಆತ ತಂದೆಗೆ ಅರಬ್ಬಿಯಲ್ಲಿ ಬರೆದ ಪತ್ರ ಲಂಡನ್ನಿನಲ್ಲಿ ಪ್ರಭಾವಿಗಳ ಗಮನ ಸೆಳೆದು, 1734ರಲ್ಲಿ ಆಫ್ರಿಕಕ್ಕೆ ಮರಳಲು ಸಾಧ್ಯವಾಯಿತು. ಪಿಯರ್‌ಪಾಯಿಂಟ್‌ಗೆ ಅಂತಹ ಆಶ್ರಯದಾತರು ದೊರೆಯಲಿಲ್ಲ.

ಹೆಸರಿನ ತೊಡಕು

ಕುಲಶೋಧಕರು ಇಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಮೊದಲನೆಯದು, ಗುಲಾಮರಿಗೆ ಮಾಲೀಕರ ಅಡ್ಡಹೆಸರು ಅಂಟಿಕೊಳ್ಳುತ್ತಿದ್ದುದು ಸಾಮಾನ್ಯ. ಆದ್ದರಿಂದ ‘ಪಿಯರ್‌ಪಾಯಿಂಟ್’ ಮನೆತನವನ್ನು ಬೆನ್ನಟ್ಟಿದರೆ ಸಿಗುವುದು ಮಾಲೀಕನ ಪೂರ್ವಿಕರೇ ಹೊರತು ಈತನ ಪೂರ್ವಿಕರಲ್ಲ. ಎರಡನೆಯದು, ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದುಕೊಂಡ ಕಾರಣ ಈತ ‘ಪಾಪೈನ್’, ‘ಪೇರ್‌ಪಾಯಿಂಟ್’ ಎಂದೂ ನಮೂದಾಗಿದ್ದಾನೆ. ಜನರ ಬಾಯಲ್ಲಿ ‘ಕ್ಯಾಪ್ಟನ್ ಡಿಕ್’ ಎಂದಾಗಿದ್ದನು. ಒಂದೇ ಕಾಗುಣಿತದಲ್ಲಿ ಹುಡುಕುವವರ ಕೈಗೆ ಅರ್ಧ ದಾಖಲೆಗಳೂ ಸಿಗಲಾರವು.

ಯಾವ ಪಟ್ಟಿಯಲ್ಲಿ ಹುಡುಕಬೇಕು?

ದಂಗೆಕೋರರ ಗುಲಾಮರಿಗೆ ಬ್ರಿಟಿಷ್ ದಂಡನಾಯಕ ಹೆನ್ರಿ ಕ್ಲಿಂಟನ್ 1779ರ ಘೋಷಣೆಯ ಮೂಲಕ ಆಶ್ರಯದ ಭರವಸೆ ನೀಡಿದ್ದನು. ಯುದ್ಧಾನಂತರ 1783ರಲ್ಲಿ ನ್ಯೂಯಾರ್ಕ್ ಬಂದರಿನಿಂದ ಹೊರಟ ಸುಮಾರು 3,000 ಕಪ್ಪು ಜನರ ಹೆಸರು, ವಯಸ್ಸು, ಹಿಂದಿನ ಮಾಲೀಕರ ವಿವರ ‘ಬುಕ್ ಆಫ್ ನೀಗ್ರೋಸ್’ ಎಂಬ ದಫ್ತರದಲ್ಲಿದೆ. ಕಪ್ಪು ರಾಜನಿಷ್ಠರ ಶೋಧಕ್ಕೆ ಇದು ಬಹುಮುಖ್ಯ ಆಕರ. ಆದರೆ ಅದು ಹಡಗು ಹತ್ತಿದವರ ಪಟ್ಟಿ. ಒಳನಾಡಿನ ನಯಾಗರಾ ಕೋಟೆಯಲ್ಲಿದ್ದವರನ್ನು ಅಲ್ಲಿ ಹುಡುಕಿ ಫಲವಿಲ್ಲ.

ಆಸ್ತಿ ಕಳೆದುಕೊಂಡ ರಾಜನಿಷ್ಠರಿಗೆ ಪರಿಹಾರ ನೀಡಲು ಬ್ರಿಟಿಷ್ ಸಂಸತ್ತು 1783ರಲ್ಲಿ ನೇಮಿಸಿದ ಆಯೋಗದ ಕಡತಗಳು ಇನ್ನೊಂದು ದೊಡ್ಡ ಭಂಡಾರ. ಮನೆ, ಹೊಲ, ದನಕರು, ಪೀಠೋಪಕರಣಗಳವರೆಗೆ ವಿವರ ಅದರಲ್ಲಿ ದೊರೆಯುತ್ತದೆ. ಆದರೆ ಪರಿಹಾರ ಕೇಳಲು ಆಸ್ತಿ ಇರಬೇಕಿತ್ತು. ಗುಲಾಮನಾಗಿದ್ದವನು ಸ್ವತಃ ಇನ್ನೊಬ್ಬರ ಆಸ್ತಿಯ ಪಟ್ಟಿಯಲ್ಲಿದ್ದವನು.

ಪಿಯರ್‌ಪಾಯಿಂಟ್‌ನ ಹೆಸರು ದೊರೆಯುವುದು ಬಟ್ಲರ್ಸ್ ರೇಂಜರ್ಸ್‌ನ ಪಟ್ಟಿಗಳಲ್ಲಿ. 1784ರಲ್ಲಿ ಪಡೆ ವಿಸರ್ಜನೆಯಾದಾಗ ಸೈನಿಕರಿಗೆ ನಯಾಗರಾ ನದಿಯ ಪಶ್ಚಿಮಕ್ಕೆ ಭೂಮಿ ಹಂಚಲಾಯಿತು. ನದಿಯಂಚಿನ ನಾಲ್ಕು ಮೈಲಿ ಅಗಲದ ಪಟ್ಟಿಯನ್ನು ಬ್ರಿಟಿಷರು ಮಿಸಿಸಾಗ ಬುಡಕಟ್ಟಿನಿಂದ 1781ರಲ್ಲಿ 300 ಜೊತೆ ಉಡುಪುಗಳಿಗೆ ಪಡೆದಿದ್ದರು ಎಂಬುದನ್ನೂ ಇಲ್ಲಿ ಸ್ಮರಿಸಬೇಕು. ಪಿಯರ್‌ಪಾಯಿಂಟ್‌ಗೆ ಇಂದಿನ ಸೇಂಟ್ ಕ್ಯಾಥರೀನ್ಸ್ ನಗರದ ಬಳಿ, ಗ್ರಾಂಥಮ್ ಟೌನ್‌ಶಿಪ್‌ನಲ್ಲಿ 200 ಎಕರೆ ದೊರೆಯಿತು. ಅಲ್ಲಿ ಹರಿಯುವ ‘ಡಿಕ್ಸ್ ಕ್ರೀಕ್’ ತೊರೆಯ ಹೆಸರು ಆತನಿಂದಲೇ ಬಂದುದೆಂಬ ಪ್ರತೀತಿಯಿದೆ.

ಅಕ್ಕಪಕ್ಕ ಬಾಳುವ ಕೋರಿಕೆ

1794ರ ಜೂನ್ 29ರಂದು ನಯಾಗರಾದಲ್ಲಿ 19 ಮಂದಿ ಸ್ವತಂತ್ರ ಕಪ್ಪು ಜನರು ಲೆಫ್ಟಿನೆಂಟ್ ಗವರ್ನರ್ ಜಾನ್ ಗ್ರೇವ್ಸ್ ಸಿಮ್ಕೊಗೆ ಒಂದು ಮನವಿ ಸಲ್ಲಿಸಿದರು. ಸಹಿ ಹಾಕಿದವರಲ್ಲಿ ಪಿಯರ್‌ಪಾಯಿಂಟ್‌ನೂ ಒಬ್ಬ. ಬಿಳಿಯರ ನಡುವೆ ಚದುರಿಹೋಗಿರುವ ತಮಗೆ ಒಂದೆಡೆ, ಅಕ್ಕಪಕ್ಕದಲ್ಲಿಯೇ ಭೂಮಿ ನೀಡಿದರೆ ದುಡಿಯಲಾಗದವರಿಗೆ ಉಳಿದವರು ನೆರವಾಗಬಹುದು ಎಂಬುದು ಅವರ ಕೋರಿಕೆ. ಗುಲಾಮರ ಆಮದನ್ನು ನಿಷೇಧಿಸುವ ಶಾಸನವನ್ನು ಹಿಂದಿನ ವರ್ಷವಷ್ಟೇ ತಂದಿದ್ದ ಸರ್ಕಾರ ಈ ಮನವಿಯನ್ನು ತಿರಸ್ಕರಿಸಿತು.

ಕುಲಶೋಧನೆಯ ದೃಷ್ಟಿಯಿಂದ ಈ ಕಾಗದಕ್ಕೆ ವಿಶೇಷ ಮಹತ್ವವಿದೆ. ರಕ್ತಸಂಬಂಧಿಗಳಿಲ್ಲದ ಜನರು ಪರಸ್ಪರ ಆಸರೆಯಾಗಿ ಬಾಳಬಯಸಿದ್ದಕ್ಕೆ ಇದು ಸಾಕ್ಷಿ. ಇಂತಹವರ ವಿಷಯದಲ್ಲಿ ಒಬ್ಬನನ್ನು ಅರಿಯಬೇಕಾದರೆ ಜೊತೆಗೆ ಸಹಿ ಹಾಕಿದ ಎಲ್ಲರನ್ನೂ ಹುಡುಕಬೇಕು.

ಮತ್ತೆ ಯುದ್ಧ, ಮತ್ತೆ ಮನವಿ

1812ರಲ್ಲಿ ಅಮೆರಿಕ ಯುದ್ಧ ಸಾರಿದಾಗ ಪಿಯರ್‌ಪಾಯಿಂಟ್‌ಗೆ ಅರವತ್ತೈದು ದಾಟಿತ್ತು. ಕಪ್ಪು ಜನರದೇ ಒಂದು ತುಕಡಿ ಕಟ್ಟುವ ಪ್ರಸ್ತಾಪವನ್ನು ಆತ ಮುಂದಿಟ್ಟನು. ತುಕಡಿ ಏರ್ಪಟ್ಟಿತಾದರೂ ನಾಯಕತ್ವ ಬಿಳಿಯ ಅಧಿಕಾರಿ ರಾಬರ್ಟ್ ರಂಚಿಗೆ ಹೋಯಿತು. ಪಿಯರ್‌ಪಾಯಿಂಟ್ ಸಾಮಾನ್ಯ ಸಿಪಾಯಿಯಾಗಿ ಸೇರಿದನು. ಈ ತುಕಡಿ 1812ರ ಅಕ್ಟೋಬರ್ 13ರ ಕ್ವೀನ್‌ಸ್ಟನ್ ಹೈಟ್ಸ್ ಕದನದಲ್ಲಿ ಭಾಗವಹಿಸಿತು.

1821ರ ಮನವಿ ಆತನ ಜೀವನದ ಅತ್ಯಂತ ಮನಕಲಕುವ ದಾಖಲೆ. ತಾನು ವೃದ್ಧನಾಗಿದ್ದು ಆಸ್ತಿಯಿಲ್ಲವೆಂದೂ, ದುಡಿದು ಹೊಟ್ಟೆ ಹೊರೆಯುವುದು ಕಷ್ಟವಾಗಿದೆಯೆಂದೂ, ಸಾಯುವ ಮುನ್ನ ಹುಟ್ಟೂರಿಗೆ ಹೋಗಬಯಸುವೆನೆಂದೂ ಅದರಲ್ಲಿದೆ. ಇಂಗ್ಲೆಂಡಿನ ಮೂಲಕ ಗ್ಯಾಂಬಿಯಾ ಅಥವಾ ಸೆನೆಗಲ್ ನದಿಯ ಸಮೀಪದ ಯಾವುದಾದರೂ ವಸಾಹತಿಗೆ ತಲುಪಿಸಿದರೆ ಅಲ್ಲಿಂದ ಬೊಂಡು ಸೇರುವೆನೆಂದು ದಾರಿಯನ್ನೂ ಸೂಚಿಸಿದ್ದನು. ಅರವತ್ತು ವರ್ಷಗಳ ಬಳಿಕವೂ ಊರಿನ ದಾರಿ ಮರೆತಿರಲಿಲ್ಲ.

ಸರ್ಕಾರ ಹಡಗಿನ ವ್ಯವಸ್ಥೆ ಮಾಡಲಿಲ್ಲ. ಬದಲಿಗೆ ಗ್ರ್ಯಾಂಡ್ ನದಿಯ ದಡದಲ್ಲಿ, ಇಂದಿನ ಫರ್ಗಸ್ ಪಟ್ಟಣದ ಬಳಿ 100 ಎಕರೆ ಕಾಡುಭೂಮಿ ಮಂಜೂರು ಮಾಡಿತು. ಮರ ಕಡಿದು ಒಂದಿಷ್ಟು ನೆಲ ಹದಗೊಳಿಸಿ, ಬೇಲಿ ಹಾಕಿ, ಮನೆ ಕಟ್ಟಿದರೆ ಮಾತ್ರ ಹಕ್ಕು ಸಿಗುತ್ತಿತ್ತು. ಎಂಬತ್ತರ ಅಂಚಿನಲ್ಲಿದ್ದ ಆತ ಆ ಷರತ್ತುಗಳನ್ನು ಪೂರೈಸಿದನು.

ಕೊನೆಯ ದಾಖಲೆ

1828ರಲ್ಲಿ ಪಿಯರ್‌ಪಾಯಿಂಟ್ ಮರಣಶಾಸನ ಬರೆಯಿಸಿ, ತನಗೆ ವಾರಸುದಾರರಾಗಲಿ ಬಂಧುಗಳಾಗಲಿ ಇಲ್ಲವೆಂದು ತಿಳಿಸಿ, ಆಸ್ತಿಯನ್ನು ಲೆಮ್ಯುಯೆಲ್ ಬ್ರೌನ್ ಎಂಬವನಿಗೆ ಬಿಟ್ಟನು. 1838ರ ಸೆಪ್ಟೆಂಬರ್ ಅಂತ್ಯದೊಳಗೆ ಆತ ತೀರಿಕೊಂಡನು.

ಬ್ರಿಟಿಷ್ ಸಾಮ್ರಾಜ್ಯದ ಏಕತೆಯ ಪರ ನಿಂತವರಿಗೂ ಅವರ ಸಂತತಿಗೂ ಲಾರ್ಡ್ ಡಾರ್ಚೆಸ್ಟರ್ 1789ರಲ್ಲಿ ಗೌರವದ ಗುರುತೊಂದನ್ನು ನೀಡಿದ್ದನು. ‘ಯು.ಇ.’ ಎಂಬ ಆ ಅಕ್ಷರಗಳನ್ನು ಇಂದಿಗೂ ವಂಶಸ್ಥರು ತಲೆಮಾರುಗಳ ಆಧಾರ ತೋರಿಸಿ ಹೆಸರಿನೊಂದಿಗೆ ಬಳಸುತ್ತಾರೆ. ಪಿಯರ್‌ಪಾಯಿಂಟ್‌ನ ಪರವಾಗಿ ಅಂತಹ ಅರ್ಜಿ ಹಾಕಲು ಯಾರೂ ಇಲ್ಲ. ಎರಡು ಯುದ್ಧಗಳ ಸೇವೆಯನ್ನೂ ಹುಟ್ಟಿದ ನಾಡಿನ ಹೆಸರನ್ನೂ ಕಾಗದದ ಮೇಲೆ ಉಳಿಸಿದವನು ಸ್ವತಃ ಆತನೇ. ಹೀಗಾಗಿ ದಾಸ್ಯದಿಂದ ಬಂದವರ ಕುಲವನ್ನು ಅರಸುವವರು ಚರ್ಚಿನ ದಫ್ತರಕ್ಕಿಂತ ಮೊದಲು ಒಟ್ಟಾವದ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಅಪ್ಪರ್ ಕೆನಡಾದ ಭೂಮನವಿಗಳ ಕಡತವನ್ನು ತೆರೆಯುವುದು ಸೂಕ್ತ.