ಭಾಷೆಯ ಜೈವಿಕ ನೆಲೆಗಳು

ಆಡುವ ಭಾಷೆ ಯಾವುದೆಂಬುದನ್ನು ಸಮಾಜ ನಿರ್ಧರಿಸಿದರೂ ಭಾಷೆಯೊಂದನ್ನು ಕಲಿಯುವ ಸಾಮರ್ಥ್ಯ ಮನುಷ್ಯನ ದೇಹದಲ್ಲಿ, ಮುಖ್ಯವಾಗಿ ಮಿದುಳಿನಲ್ಲಿ ಹಾಗೂ ಅದು ಬೆಳೆಯುವ ಕ್ರಮದಲ್ಲಿ ಬೇರೂರಿದೆ ಎಂಬ ವಿಚಾರವನ್ನು ಭಾಷೆಯ ಜೈವಿಕ ನೆಲೆ ಎಂದು ಕರೆಯಲಾಗುತ್ತದೆ. ಈ ವಿಚಾರದ ಇತಿಹಾಸದಲ್ಲಿ ಮೊದಲು ಎದ್ದುದು ಭಾಷೆ ಮಿದುಳಿನ ಯಾವ ಭಾಗದಲ್ಲಿದೆ ಎಂಬ ಪ್ರಶ್ನೆ. ಮಗು ಅದನ್ನು ಯಾವ ವಯಸ್ಸಿನಲ್ಲಿ, ಯಾವ ಸಿದ್ಧತೆಯೊಡನೆ ಕಲಿಯುತ್ತದೆ ಎಂಬ ಹೆಚ್ಚು ಫಲವತ್ತಾದ ಪ್ರಶ್ನೆ ಮುಂಚೂಣಿಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು.

ಫ್ರೆಂಚ್ ವೈದ್ಯ ಪಾಲ್ ಬ್ರೋಕಾ 1861ರಲ್ಲಿ, ಹೇಳಿದ್ದನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದರೂ 'ತಾನ್' ಎಂಬ ಉಲಿಯ ಹೊರತು ಹೆಚ್ಚೇನೂ ನುಡಿಯಲಾರದ ರೋಗಿಯೊಬ್ಬನ ಮಿದುಳನ್ನು ಮರಣಾನಂತರ ಪರೀಕ್ಷಿಸಿ, ಎಡ ಮುಂಭಾಗದಲ್ಲಿ ಹಾನಿಯನ್ನು ಗುರುತಿಸಿದನು. 1874ರಲ್ಲಿ ಜರ್ಮನಿಯ ಕಾರ್ಲ್ ವೆರ್ನಿಕೆ, ಮಿದುಳಿನ ಎಡ ಪಾರ್ಶ್ವದಲ್ಲಿ ಕಣತಲೆಯ ಬಳಿಯ ಭಾಗಕ್ಕೆ ಹಾನಿಯಾದವರು ಸರಾಗವಾಗಿ ಮಾತನಾಡಿದರೂ ಮಾತು ಅರ್ಥಹೀನವಾಗುವುದನ್ನೂ ಅನ್ಯರ ಮಾತು ಅವರಿಗೆ ತಿಳಿಯದಿರುವುದನ್ನೂ ವಿವರಿಸಿದನು. ಇವೆರಡರ ನಡುವೆ, 1866ರಲ್ಲಿ, ಪ್ಯಾರಿಸ್ಸಿನ ಭಾಷಾವಿಜ್ಞಾನ ಸಂಘವು ಭಾಷೆಯ ಉಗಮದ ಬಗೆಗಿನ ಪ್ರಬಂಧಗಳನ್ನೇ ನಿಷೇಧಿಸಿತು. ಆಗಿನ ಊಹಾಪೋಹಗಳನ್ನು ನೋಡಿದರೆ ಆ ನಿರ್ಧಾರ ತೀರ ಅಸಮಂಜಸವೆನಿಸದು.

ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ, ಮಾತನ್ನು ಅಭ್ಯಾಸ ಹಾಗೂ ಪುರಸ್ಕಾರಗಳ ಫಲವೆಂದು ಕಾಣುವ ವರ್ತನವಾದ ಪ್ರಬಲವಾಗಿತ್ತು. ಬಿ. ಎಫ್. ಸ್ಕಿನ್ನರ್ 1957ರಲ್ಲಿ ಮಂಡಿಸಿದ ಈ ವಾದವನ್ನು 1959ರ ವಿಮರ್ಶೆಯೊಂದರಲ್ಲಿ ನೋಮ್ ಚಾಮ್‌ಸ್ಕಿ ಖಂಡಿಸಿದರು. ಆದರೆ ಜೀವವಿಜ್ಞಾನದ ಸಾಮಗ್ರಿಯನ್ನು ವ್ಯವಸ್ಥಿತವಾಗಿ ಒಂದೆಡೆ ತಂದದ್ದು ಎರಿಕ್ ಲೆನ್ನೆಬರ್ಗ್ 1967ರಲ್ಲಿ ಪ್ರಕಟಿಸಿದ ಗ್ರಂಥ. ಕಿವುಡ ತಂದೆತಾಯಿಯರ ಮನೆಯಲ್ಲಿ ಬೆಳೆಯುವ ಹಸುಳೆಗಳೂ ಮೊದಲ ತಿಂಗಳುಗಳಲ್ಲಿ ಇತರ ಹಸುಳೆಗಳಂತೆಯೇ ಉಲಿಯುತ್ತವೆ, ಮಾತಿನ ಹಂತಗಳು ನಡಿಗೆಯಂತಹ ಚಲನೆಯ ಹಂತಗಳೊಡನೆ ಹೊಂದಿಕೊಂಡು ಬರುತ್ತವೆ ಎಂಬುದನ್ನು ತೋರಿಸಿ, ಎರಡನೆಯ ವರ್ಷದಿಂದ ಪ್ರೌಢಾವಸ್ಥೆಯವರೆಗೆ ಮಾತ್ರ ಭಾಷೆ ಸಹಜವಾಗಿ ಕೈಗೂಡುತ್ತದೆಂಬ 'ನಿರ್ಣಾಯಕ ಅವಧಿ'ಯ ಸಿದ್ಧಾಂತವನ್ನು ಅವರು ಮುಂದಿಟ್ಟರು. ಈ ಗಡಿಗಳು ಮುಂದೆ ಹಾಗೆಯೇ ಉಳಿಯಲಿಲ್ಲ. ಈ ಅವಧಿಯೊಡನೆ ಅವರು ಜೋಡಿಸಿದ್ದ, ಮಿದುಳಿನ ಎಡಬಲಗಳ ಕಾರ್ಯವಿಭಜನೆ ಅವರು ಊಹಿಸಿದ್ದಕ್ಕಿಂತ ಬೇಗನೆ ತೋರುತ್ತದೆಂದು ತಿಳಿದುಬಂದಿತು. ಆದರೂ ಸಂಜ್ಞಾಭಾಷೆಯನ್ನು ತಡವಾಗಿ ಕಲಿತ ಕಿವುಡರಲ್ಲಿ, ದಶಕಗಳ ಬಳಕೆಯ ಬಳಿಕವೂ ವ್ಯಾಕರಣದ ಹಿಡಿತ ಕುಂದಿರುವುದನ್ನು ಎಲಿಸಾ ನ್ಯೂಪೋರ್ಟ್ 1990ರಲ್ಲಿ ವರದಿ ಮಾಡಿದ್ದರಿಂದ, ವಯಸ್ಸಿನ ಪ್ರಭಾವ ಕುರಿತ ಮೂಲ ವಿಚಾರಕ್ಕೆ ಬಲ ಬಂದಿತು.

ಧ್ವನಿಗ್ರಹಣದಲ್ಲಿ ಈ ಅವಧಿ ಇನ್ನೂ ಮೊದಲೇ ಮುಗಿಯತೊಡಗುತ್ತದೆ. ಕೆನಡಾದ ಜ್ಯಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಹಿಂದಿಯ ದಂತ್ಯ ಹಾಗೂ ಮೂರ್ಧನ್ಯ ಧ್ವನಿಗಳನ್ನು, ಎಂದರೆ ಕನ್ನಡದ ತಕಾರ, ಟಕಾರಗಳಂತಹ ಜೋಡಿಯನ್ನು, ಇಂಗ್ಲಿಷ್ ಮನೆಗಳ ಶಿಶುಗಳಿಗೆ ಕೇಳಿಸಿದಾಗ, ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಅವುಗಳ ಭೇದವನ್ನು ಗುರುತಿಸಿದವು. ಹತ್ತು ಹನ್ನೆರಡು ತಿಂಗಳ ಹೊತ್ತಿಗೆ ಆ ಸಾಮರ್ಥ್ಯ ಬಹಳ ಮಟ್ಟಿಗೆ ಕುಗ್ಗಿತ್ತು. ಎಂದರೆ ಕಲಿಕೆ ಗಳಿಕೆಯಷ್ಟೇ ಅಲ್ಲ, ಸುತ್ತಲಿನ ಭಾಷೆಗೆ ಬೇಡವಾದುದನ್ನು ಕೈಬಿಡುವುದೂ ಹೌದು.

ವಂಶವಾಹಿಗಳ ಕಡೆಯಿಂದ ದೊರೆತ ಸುಳಿವು ಇಂಗ್ಲೆಂಡಿನ ಒಂದು ಕುಟುಂಬದ್ದು. ಮೂರು ತಲೆಮಾರುಗಳಲ್ಲಿ ಸುಮಾರು ಅರ್ಧದಷ್ಟು ಸದಸ್ಯರಿಗೆ ಉಚ್ಚಾರಣೆಯೂ ವಾಕ್ಯರಚನೆಯೂ ಕಷ್ಟವಾಗಿದ್ದ ಈ ಕುಟುಂಬದಲ್ಲಿ ಫಾಕ್ಸ್‌ಪಿ2 ಎಂಬ ವಂಶವಾಹಿ ದೋಷಪೂರಿತವಾಗಿರುವುದು 2001ರಲ್ಲಿ ಪತ್ತೆಯಾಯಿತು. ಅದನ್ನು ಭಾಷೆಯ ವಂಶವಾಹಿ ಎಂದು ಕರೆದುದು ಆತುರದ ಮಾತು, ಏಕೆಂದರೆ ಅದು ಇತರ ವಂಶವಾಹಿಗಳ ಕಾರ್ಯವನ್ನು ನಿಯಂತ್ರಿಸುವಂಥದ್ದು ಮತ್ತು ಇಲಿ, ಹಕ್ಕಿಗಳಲ್ಲಿಯೂ ಇರುವಂಥದ್ದು. ಜೀಬ್ರಾ ಫಿಂಚ್ ಹಕ್ಕಿಯ ಮಿದುಳಿನಲ್ಲಿ ಅದರ ಪ್ರಮಾಣವನ್ನು ತಗ್ಗಿಸಿದಾಗ ಮರಿಗಳು ಹಿರಿಯ ಹಕ್ಕಿಯ ಹಾಡನ್ನು ಅಸಮರ್ಪಕವಾಗಿ ಅನುಕರಿಸಿದುದು 2007ರಲ್ಲಿ ವರದಿಯಾಯಿತು.