ಅಂಚೆಚೀಟಿಯೇ ನಾಣ್ಯವಾದಾಗ: ಫ್ರಾನ್ಸಿನ ಜಾಹೀರಾತು ಬಿಲ್ಲೆಗಳು

ಮೊದಲನೆಯ ಮಹಾಯುದ್ಧ ಮುಗಿದ ಮೇಲೂ ಫ್ರಾನ್ಸಿನ ಅಂಗಡಿಗಳಲ್ಲಿ ಚಿಲ್ಲರೆಯ ಬರ ತೀರಿರಲಿಲ್ಲ. ಬೆಳ್ಳಿಯ ನಾಣ್ಯಗಳು ಜನರ ಪೆಟ್ಟಿಗೆಗಳನ್ನು ಸೇರಿದ್ದವು. ಅಂಚೆಚೀಟಿಗಳೇ ಚಿಲ್ಲರೆಯಾಗಿ ಕೈಯಿಂದ ಕೈಗೆ ಹೋಗುತ್ತ, ಅಂಟಿಕೊಂಡು, ಹರಿದು ಹಾಳಾಗುತ್ತಿದ್ದವು. 1920ರಲ್ಲಿ ಎದುವಾರ್ ಬುಶೋ-ಪ್ರಾಸೆಕ್ ಎಂಬಾತ ಇದಕ್ಕೊಂದು ಉಪಾಯ ಹೂಡಿದ. ಸುಮಾರು 33 ಮಿಲಿಮೀಟರ್ ವ್ಯಾಸದ ಲೋಹದ ಬಿಲ್ಲೆಯೊಳಗೆ ಚೀಟಿಯನ್ನಿರಿಸಿ, ಮುಂಬದಿಗೆ ಪಾರದರ್ಶಕ ಹಾಳೆಯನ್ನು ಹೊದಿಸಿ, ಹಿಂಬದಿಯನ್ನು ವ್ಯಾಪಾರಿಗಳ ಜಾಹೀರಾತಿಗೆ ಬಿಟ್ಟುಕೊಟ್ಟ. ಅಮೆರಿಕದ ಜಾನ್ ಗಾಲ್ಟ್ 1862ರಲ್ಲಿಯೇ ಹಿತ್ತಾಳೆ ಮತ್ತು ಅಭ್ರಕದಿಂದ ಇಂಥದೇ ಸಾಧನವನ್ನು ಮಾಡಿದ್ದನು. ಆದರೂ ಫ್ರೆಂಚ್ ತಯಾರಕರು ಬಳಸಿದ ಎಫ್.ವೈ.ಪಿ. ಎಂಬ ಅಕ್ಷರಗಳ ವಿಸ್ತಾರ ‘ಫಾಲೆ ಇ ಪಾಂಸೆ’, ಅಂದರೆ ‘ಇದು ಹೊಳೆಯಬೇಕಿತ್ತು’ ಎಂಬ ಜಂಬದ ನುಡಿ!

ಒಳಗಿನ ಚೀಟಿಯಲ್ಲಿ ಸಾಮಾನ್ಯವಾಗಿ ಕಾಣುವುದು ಬೀಜ ಬಿತ್ತುತ್ತಿರುವ ಹೆಣ್ಣಿನ ಚಿತ್ರ. ಶಿಲ್ಪಿ ಆಸ್ಕರ್ ರೋತಿಯ ಈ ಕಲ್ಪನೆ ಮೊದಲು ಮೂಡಿದ್ದು 1897ರ ಬೆಳ್ಳಿ ನಾಣ್ಯದ ಮೇಲೆ. ಅಂಚೆಚೀಟಿಗೆ ಅದು ಬಂದದ್ದು 1903ರಲ್ಲಿ. ಪೆಟ್ಟಿಗೆಯಲ್ಲಿ ಬಚ್ಚಿಟ್ಟ ನಾಣ್ಯದ ಚಿತ್ರವೇ ಕಾಗದದ ರೂಪದಲ್ಲಿ ನಾಣ್ಯದ ಸ್ಥಾನಕ್ಕೆ ಮರಳಿದ್ದು ಇತಿಹಾಸದ ಸೊಗಸಾದ ವ್ಯಂಗ್ಯ.

ಇಂಥ ಬಿಲ್ಲೆಯ ಕಾಲವನ್ನು ಗುರುತಿಸಲು ಚೀಟಿಯ ಬಣ್ಣ ನೆರವಾಗುತ್ತದೆ. 5 ಸೆಂಟಿಮಿನ ಚೀಟಿ ಮೊದಲು ಹಸಿರಾಗಿದ್ದು, 1921ರ ಸುಮಾರಿಗೆ ಕಿತ್ತಳೆಯಾಯಿತು. 10 ಸೆಂಟಿಮಿನದು ಕೆಂಪಿನಿಂದ ಹಸಿರಿಗೆ ತಿರುಗಿತು. ಆದ್ದರಿಂದ ಹಸಿರನ್ನು ಕಂಡೊಡನೆ ನಿರ್ಣಯಕ್ಕೆ ಬಾರದೆ, ಅಂಕಿಯನ್ನೂ ಓದಬೇಕು. ಆದರೆ ಇಲ್ಲಿಯೇ ಒಂದು ತೊಡಕಿದೆ. ಬಣ್ಣವು ಚೀಟಿಯ ಕಾಲವನ್ನು ಹೇಳುತ್ತದೆಯೇ ಹೊರತು ಬಿಲ್ಲೆಯ ಕಾಲವನ್ನಲ್ಲ. ಅಂಚನ್ನು ಬಿಡಿಸಿ ಬೇರೆ ಚೀಟಿಯನ್ನು ಸೇರಿಸಿದ್ದರೆ? ಹಸ್ತಪ್ರತಿಯಲ್ಲಿನ ಪ್ರಕ್ಷೇಪವನ್ನು ಶೋಧಿಸುವ ಸಂಪಾದಕನಿಗೆ ಈ ಸಂದೇಹ ಪರಿಚಿತವೇ. ವ್ಯತ್ಯಾಸವೇನೆಂದರೆ, ಇಲ್ಲಿ ಪರೀಕ್ಷೆಗೆಂದು ಬಿಲ್ಲೆಯನ್ನು ತೆರೆದರೆ ಸಾಕ್ಷ್ಯವೇ ನಾಶವಾಗುತ್ತದೆ. ಅಂಚಿನ ಮಡಿಕೆ ಒಂದೇ ಸಮನಾಗಿದೆಯೇ, ಹೊಸ ಗೀರುಗಳಿವೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ ತೃಪ್ತರಾಗಬೇಕು. ಹೊಳಪಿಗಾಗಿ ಉಜ್ಜುವುದಂತೂ ಕೂಡದು. ಜಾಹೀರಾತಿನ ಬಣ್ಣವೇ ಹೋದೀತು.

ಬೆಲೆಯ ವಿಚಾರದಲ್ಲಿ ಹೊಸಬರು ಸಾಮಾನ್ಯವಾಗಿ ಚೀಟಿಯನ್ನೇ ನೋಡುತ್ತಾರೆ. ಆ ಚೀಟಿಗಳು ಅಪಾರ ಸಂಖ್ಯೆಯಲ್ಲಿ ಅಚ್ಚಾದವು. ಬಿಡಿಯಾಗಿ ಅವು ಅಗ್ಗ. ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ಹಿಂಬದಿಯ ಹೆಸರು. ಕ್ರೆದಿ ಲಿಯೊನೆ ಬ್ಯಾಂಕಿನ ಬಿಲ್ಲೆಗಳು ಧಾರಾಳವಾಗಿ ಸಿಗುತ್ತವೆ. ಅಲ್ಪಸಂಖ್ಯೆಯಲ್ಲಿ ಮಾಡಿಸಿದ ಸಣ್ಣ ವರ್ತಕನ ಬಿಲ್ಲೆಯಾದರೆ ಸಂಗ್ರಾಹಕರು ಪೈಪೋಟಿ ನಡೆಸುತ್ತಾರೆ. ಚೀಟಿಯ ಹಿನ್ನೆಲೆಗೆ ಇಟ್ಟ ಕಾಗದದ ಬಣ್ಣ ಕೆಂಪೋ ನೀಲಿಯೋ ಎಂಬುದರಿಂದಲೂ ಬೆಲೆ ಏರಿಳಿಯುವುದುಂಟು.

ಸಂಶೋಧಕನ ತಕ್ಕಡಿ ಬೇರೆ ಎಂಬುದು ನನ್ನ ಅಭಿಪ್ರಾಯ. ಗೀರುಬಿದ್ದ, ಚೀಟಿ ಮಾಸಿದ ಬಿಲ್ಲೆಗೆ ಮಾರುಕಟ್ಟೆ ಮೂಗು ಮುರಿಯುತ್ತದೆ. ಆದರೆ ಅದರ ಮೇಲೆ ಅಂಗಡಿಯ ಹೆಸರು, ಬೀದಿ, ಊರು ಓದುವಂತಿದ್ದರೆ ಅದು ದಾಖಲೆ; ಆ ಹೆಸರನ್ನು ಹಿಡಿದು ‘ದಿದೊ-ಬೊತ್ತಾಂ’ ಎಂಬ ಆ ಕಾಲದ ವಾಣಿಜ್ಯ ಕೈಪಿಡಿಯಲ್ಲಿ ಅಂಗಡಿಯ ಜಾಡನ್ನು ಅರಸಬಹುದು.