ಆಲಂಬನ ಕಳೆದುಕೊಂಡ ಭಯ: ‘ಏಲಿಯನ್ಸ್: ಕೊಲೊನಿಯಲ್ ಮರೀನ್ಸ್’ ವಿಡಿಯೊ ಗೇಮ್‌ನ ಒಂದು ಅಧ್ಯಯನ

ಸಿನಿಮಾ ಆಧರಿಸಿದ ವಿಡಿಯೊ ಗೇಮ್ ಸೋತಾಗ ವಿಮರ್ಶಕರು ಸಾಮಾನ್ಯವಾಗಿ ಅವಸರವನ್ನು ದೂರುತ್ತಾರೆ. 1982ರಲ್ಲಿ ಅಟಾರಿ ಕಂಪನಿಗಾಗಿ ಹೊವಾರ್ಡ್ ಸ್ಕಾಟ್ ವಾರ್ಷಾ ಸುಮಾರು ಐದು ವಾರಗಳಲ್ಲಿ ರಚಿಸಿಕೊಟ್ಟ ‘ಇ.ಟಿ.’ ಆಟ ಈ ವಾದಕ್ಕೆ ಸಿದ್ಧ ಉದಾಹರಣೆ. ಮಾರಾಟವಾಗದೆ ಉಳಿದ ಅದರ ಕಾರ್ಟ್ರಿಜ್‌ಗಳು ನ್ಯೂ ಮೆಕ್ಸಿಕೊದ ಅಲಮಗೋರ್ಡೊ ಊರಿನ ಕಸದ ಗುಂಡಿಗೆ ಬಿದ್ದವು. ಆದರೆ 2013ರ ಫೆಬ್ರುವರಿ 12ರಂದು ಹೊರಬಂದ ‘ಏಲಿಯನ್ಸ್: ಕೊಲೊನಿಯಲ್ ಮರೀನ್ಸ್’ ಆಟದ ಮಟ್ಟಿಗೆ ಈ ವಾದ ನಿಲ್ಲುವುದಿಲ್ಲ. ಸೇಗಾ ಸಂಸ್ಥೆ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ ಹಕ್ಕು ಪಡೆದದ್ದು 2006ರಲ್ಲಿ, ಆಟದ ಹೆಸರು ಪ್ರಕಟವಾದದ್ದು 2008ರಲ್ಲಿ. ಆರು ವರ್ಷಗಳ ಆಚೆಗೆ ಚಾಚಿದ ಕೆಲಸ ಅದು. ಗೇರ್‌ಬಾಕ್ಸ್ ಸಂಸ್ಥೆಯ ಹೊಣೆಯಲ್ಲಿದ್ದ ಈ ಆಟದ ಗಣನೀಯ ಪಾಲು ಟೈಮ್‌ಗೇಟ್ ಎಂಬ ಮತ್ತೊಂದು ಸ್ಟುಡಿಯೊದಲ್ಲಿ ತಯಾರಾಯಿತು. ಹಲವು ಕೈ ದಾಟಿ ಬಂದ ಕೃತಿಯಲ್ಲಿ ಹೊಲಿಗೆ ಬಿಡುವುದು ಸಹಜ. ಆದರೂ ಈ ಆಟ ಏನನ್ನು ಕಳೆದುಕೊಂಡಿತು ಎಂಬುದನ್ನು ಉತ್ಪಾದನೆಯ ಚರಿತ್ರೆ ಹೇಳಲಾರದು. ಅದನ್ನು ಆಡಿಯೇ ತಿಳಿಯಬೇಕು.

ಆಡಿದರೆ ಮೊದಲು ಕಣ್ಣಿಗೆ ಬೀಳುವುದು ಮೂಲ ಚಿತ್ರಕ್ಕೆ ತೋರಿದ ನಿಷ್ಠೆ. ಜೇಮ್ಸ್ ಕ್ಯಾಮರೂನ್‌ನ 1986ರ ‘ಏಲಿಯನ್ಸ್’ ಚಿತ್ರಕ್ಕೆ ವಿನ್ಯಾಸ ಮಾಡಿದ್ದ ಸಿಡ್ ಮೀಡ್, ಸುಲಾಕೊ ಹಡಗಿನ ಚಿತ್ರದಲ್ಲಿ ಕಾಣದ ಭಾಗಗಳನ್ನು ಈ ಆಟಕ್ಕಾಗಿ ರಚಿಸಿದರು. ಮೈಕಲ್ ಬೀನ್, ಲ್ಯಾನ್ಸ್ ಹೆನ್ರಿಕ್ಸನ್ ತಮ್ಮ ಪಾತ್ರಗಳಿಗೆ ತಾವೇ ದನಿ ಕೊಟ್ಟರು. ಎಲ್‌ವಿ-426 ಉಪಗ್ರಹದ ಹ್ಯಾಡ್ಲೀಸ್ ಹೋಪ್ ವಸಾಹತು, ಪಲ್ಸ್ ರೈಫಲ್‌ನ ಸದ್ದು, ಚಲನೆ ಪತ್ತೆಹಚ್ಚುವ ಮೋಷನ್ ಟ್ರ್ಯಾಕರ್‌ನ ಮಿಡಿತ ಎಲ್ಲವೂ ಇವೆ. ಚಿತ್ರವನ್ನು ಪ್ರೀತಿಸಿದವರ ಕೈಗುಣ ಇಲ್ಲಿದೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಇಷ್ಟೆಲ್ಲ ಇದ್ದೂ ಭಯ ಮಾತ್ರ ಹುಟ್ಟುವುದಿಲ್ಲ. ಏಕೆ?

ಈ ಪ್ರಶ್ನೆಗೆ ನಮ್ಮ ಕಾವ್ಯಮೀಮಾಂಸೆಯ ಪರಿಭಾಷೆ ಅಚ್ಚುಕಟ್ಟಾಗಿ ಒದಗುತ್ತದೆ. ಭರತನು ಭಯಾನಕರಸದ ವಿಭಾವಗಳಲ್ಲಿ, ಅಂದರೆ ಭಾವಕ್ಕೆ ಕಾರಣವಾಗುವ ಸಂಗತಿಗಳಲ್ಲಿ, ವಿಕೃತ ಧ್ವನಿಯನ್ನೂ ಶೂನ್ಯಗೃಹವನ್ನೂ ಸೇರಿಸಿದ್ದಾನೆ. ನಂತರದ ಆಲಂಕಾರಿಕರು ವಿಭಾವವನ್ನು ಆಲಂಬನ, ಉದ್ದೀಪನ ಎಂದು ಬೇರ್ಪಡಿಸಿದರು. ಭಾವ ಯಾವುದನ್ನು ಆಶ್ರಯಿಸಿ ಏಳುತ್ತದೋ ಅದು ಆಲಂಬನ. ಎದ್ದ ಭಾವವನ್ನು ಕೆರಳಿಸುವಂಥದ್ದು ಉದ್ದೀಪನ. ಈ ಆಟದಲ್ಲಿ ಕತ್ತಲ ಮೊಗಸಾಲೆ, ಹಬೆ, ಟ್ರ್ಯಾಕರ್‌ನ ಸದ್ದು ಉದ್ದೀಪನಗಳು; ಝೆನೊಮಾರ್ಫ್ ಎಂಬ ಜೀವಿ ಆಲಂಬನ. ಉದ್ದೀಪನಗಳನ್ನು ಪೂರ್ತಿಯಾಗಿ ಸಾಗಿಸಿ ತಂದ ಆಟ ಆಲಂಬನವನ್ನು ತರಲಿಲ್ಲ, ಬರಿಯ ಅದರ ಆಕಾರವನ್ನು ತಂದಿತು ಎಂಬುದು ನನ್ನ ವಾದ. ರೂಪಾಂತರದ ಬಗೆಗಿನ ಚರ್ಚೆ ಹೆಚ್ಚಾಗಿ ಕಥೆ ಮತ್ತು ನೋಟದ ಸುತ್ತಲೇ ಸುಳಿಯುತ್ತದೆ. ಆಟದಲ್ಲಿ ರೂಪಾಂತರಗೊಳ್ಳಬೇಕಾದ ಮುಖ್ಯ ಸಂಗತಿ ನಡವಳಿಕೆ.

ಚಿತ್ರದ ಒಂದು ದೃಶ್ಯ ಇದಕ್ಕೆ ಸಾಕ್ಷಿ. ಬದುಕುಳಿದವರೆಲ್ಲ ಬಾಗಿಲನ್ನು ಬೆಸುಗೆ ಹಾಕಿ ಕೋಣೆಯೊಳಗೆ ಸೇರಿಕೊಂಡಿದ್ದಾರೆ. ಹಡ್ಸನ್ ಎಂಬ ಸೈನಿಕ ಟ್ರ್ಯಾಕರ್ ಹಿಡಿದು ದೂರವನ್ನು ಓದುತ್ತಿದ್ದಾನೆ. ಅಂಕಿ ಇಳಿಯುತ್ತ ಇಳಿಯುತ್ತ ಕೋಣೆಯ ಉದ್ದಕ್ಕಿಂತ ಕಡಿಮೆಯಾಗುತ್ತದೆ, ಕೋಣೆಯಲ್ಲಿ ಮಾತ್ರ ಅವರಲ್ಲದೆ ಯಾರೂ ಇಲ್ಲ. ಕಥಾನಾಯಕಿ ರಿಪ್ಲಿ ನಿಧಾನವಾಗಿ ತಲೆ ಎತ್ತುತ್ತಾಳೆ. ಮತ್ತೊಬ್ಬ ಸೈನಿಕ ಹಿಕ್ಸ್ ಮೇಲೆ ಹತ್ತಿ ಸೂರಿನ ಫಲಕ ಸರಿಸಿ ಬೆಳಕು ಬಿಟ್ಟಾಗ ಝೆನೊಮಾರ್ಫ್‌ಗಳು ತಲೆಕೆಳಗಾಗಿ ತೆವಳುತ್ತ ಬರುತ್ತಿವೆ. ಆ ಕ್ಷಣದ ತನಕ ಪ್ರೇಕ್ಷಕ ಕಂಡಿರುವುದು ಒಂದು ಉಪಕರಣ ಮತ್ತು ನಾಲ್ಕಾರು ಮುಖಗಳನ್ನಷ್ಟೇ. ಜೀವಿ ಎಲ್ಲಿದೆ ಎಂಬ ಲೆಕ್ಕವೇ ಭಯವನ್ನು ಹುಟ್ಟಿಸುತ್ತದೆ. ನಾವು ಗೋಡೆ ಎಂದುಕೊಂಡದ್ದು ಅದಕ್ಕೆ ದಾರಿ, ಸೂರು ಎಂದುಕೊಂಡದ್ದು ಅದಕ್ಕೆ ನೆಲ. ಮನುಷ್ಯ ಕಟ್ಟಿದ ಮನೆಯನ್ನು ಅವನಿಗಿಂತ ಚೆನ್ನಾಗಿ ಬಲ್ಲ ಜೀವಿ ಅದು. ಬೆರಳೆಣಿಕೆಯಷ್ಟು ವೇಷಗಳನ್ನು ತೊಡಿಸಿ ಕ್ಯಾಮರೂನ್ ಒಂದು ದಂಡೇ ಬಂದಂತೆ ತೋರಿಸಿದ್ದೂ ಈ ಬಲದಿಂದಲೇ.

ಆಟದ ಟ್ರ್ಯಾಕರ್‌ನಲ್ಲೂ ಒಂದು ಒಳ್ಳೆಯ ಯೋಚನೆ ಅಡಗಿದೆ. ಅದನ್ನು ಎತ್ತಿ ಹಿಡಿದಾಗ ಕೋವಿ ಕೆಳಗಿಳಿಯುತ್ತದೆ, ತಿಳಿಯಬೇಕಾದರೆ ನಿರಾಯುಧನಾಗಬೇಕು. ಆದರೆ ಆಟದ ನಾಯಕ ಕಾರ್ಪೊರಲ್ ವಿಂಟರ್ ಆಗಿ ಕೆಲಹೊತ್ತು ಆಡಿದ ಮೇಲೆ ಟ್ರ್ಯಾಕರ್‌ನ ಹಂಗೇ ತಪ್ಪುತ್ತದೆ. ಝೆನೊಮಾರ್ಫ್ ಎದುರಿನಿಂದಲೇ ಬರುತ್ತದೆ, ನೇರವಾಗಿ, ಬರಿದಾದ ನೆಲದ ಮೇಲೆ ಓಡಿ. ಗುಂಡಿಗೆ ಸಿಕ್ಕಿ ಬೀಳುತ್ತದೆ, ಹಿಂದಿನದು ಅದೇ ದಾರಿಯಲ್ಲಿ ಬರುತ್ತದೆ. ಹಿಂದಿರುಗಿ ನೋಡಬೇಕೆನ್ನಿಸುವುದೇ ಇಲ್ಲ. ಸಿನಿಮಾದಲ್ಲಿ ಅನುಭಾವವನ್ನು, ಅಂದರೆ ಭಯದ ಹೊರಚಿಹ್ನೆಗಳನ್ನು, ನಾವು ಹಡ್ಸನ್‌ನ ಮುಖದಲ್ಲಿ ಕಾಣುತ್ತೇವೆ. ಪಾತ್ರದ ಕಣ್ಣಿನಿಂದಲೇ ನೋಡುವ ಈ ಆಟದಲ್ಲಿ ಆಡುವವನಿಗೆ ತನ್ನ ಮುಖ ಕಾಣದು. ಅನುಭಾವ ಅವನ ಮೈಯಲ್ಲೇ ಮೂಡಬೇಕು: ಬೆಚ್ಚಿ ತಿರುಗುವ ಕೈಯಲ್ಲಿ, ಬಾಗಿಲ ಬಳಿ ತಡೆದು ನಿಲ್ಲುವ ಹೆಜ್ಜೆಯಲ್ಲಿ. ಶತ್ರುವಿನ ನಡವಳಿಕೆ ಹಾಗೆ ತಿರುಗುವಂತೆ ಒತ್ತಾಯಿಸದಿದ್ದರೆ ನಟನೂ ಸಹೃದಯನೂ ಆಗಿರುವ ಆ ಒಬ್ಬನಿಗೆ ರಸದ ದಾರಿ ಮುಚ್ಚಿಹೋಗುತ್ತದೆ.

ಇದಕ್ಕೆ ಒಂದು ಕಾರಣ ಆಟದ ಕಡತಗಳಲ್ಲೇ ಇತ್ತು. ಆಟಗಳನ್ನು ಹವ್ಯಾಸಕ್ಕಾಗಿ ತಿದ್ದುವ ಒಬ್ಬರು 2017ರಲ್ಲಿ ಪಿಸಿ ಆವೃತ್ತಿಯ ಸೆಟ್ಟಿಂಗ್ಸ್ ಕಡತದಲ್ಲಿ ಒಂದು ಕಾಗುಣಿತ ದೋಷ ಹಿಡಿದರು. 2018ರಲ್ಲಿ ಅದು ಜಗತ್ತಿಗೆಲ್ಲ ಸುದ್ದಿಯಾಯಿತು. ‘ಟೆದರ್’ ಎಂಬ ಇಂಗ್ಲಿಷ್ ಪದಕ್ಕೆ ‘ಎ’ ಅಕ್ಷರ ಒಂದು ಹೆಚ್ಚಾಗಿ ಸೇರಿತ್ತು. ಆ ಸಾಲಿನ ಕೆಲಸ ಪ್ರತಿ ಝೆನೊಮಾರ್ಫ್‌ಗೂ ಅದರ ಜಾಗದ ಅರಿವು ಕೊಡುವುದು: ತನ್ನ ಹೋರಾಟದ ಆವರಣ ಯಾವುದು, ಅಲ್ಲಿಂದ ಹೊರಬೀಳುವ ದಾರಿಗಳು ಎಲ್ಲಿವೆ, ಗುಂಪಾಗದೆ ಚದುರುವುದು ಹೇಗೆ, ಬೇಟೆಯ ಬೆನ್ನಿಗೆ ಬರುವುದು ಹೇಗೆ. ಹೆಸರು ಹೊಂದದ ಕಾರಣ ಯಂತ್ರ ಆ ಸಾಲನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಅಂದು ಎಲ್ಲರೂ ಇದನ್ನು ಸೋಜಿಗದ ಸುದ್ದಿಯಾಗಿ ಓದಿದರು. ನನಗೆ ಇದು ಆಟದ ಸೌಂದರ್ಯಮೀಮಾಂಸೆಯಲ್ಲೇ ಮಹತ್ವದ ದಾಖಲೆ. ಚಿತ್ರದಲ್ಲಿ ಭಯಕ್ಕೆ ಆಧಾರವಾಗಿದ್ದದ್ದು ಜೀವಿಗೂ ಜಾಗಕ್ಕೂ ಇರುವ ನಂಟು. ಕೆಟ್ಟುಹೋದದ್ದು ಆ ನಂಟನ್ನೇ ಬರೆದಿಟ್ಟ ಸಾಲು. ಯಾವ ಸಂದರ್ಶನವೂ ಇಷ್ಟು ಸ್ಪಷ್ಟವಾಗಿ ಅದನ್ನು ಹೇಳಿರಲಿಲ್ಲ.

ಬಿಡುಗಡೆಗೆ ಮುನ್ನ ತೋರಿಸಿದ ಪ್ರಾತ್ಯಕ್ಷಿಕೆ ಕೈಗೆ ಬಂದ ಆಟಕ್ಕಿಂತ ಬಹಳ ಸೊಗಸಾಗಿತ್ತು ಎಂಬ ದೂರು ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆಯನ್ನೂ ಕ್ಯಾಲಿಫೋರ್ನಿಯಾದ ನ್ಯಾಯಾಲಯವನ್ನೂ ಮುಟ್ಟಿತು. 2014ರಲ್ಲಿ ಸೇಗಾ 12.5 ಲಕ್ಷ ಡಾಲರ್‌ಗಳ ರಾಜಿಗೆ ಮುಂದಾಯಿತು. ಕೊಂಡವರ ಸಿಟ್ಟು ನ್ಯಾಯವಾದದ್ದೇ. ಆದರೆ ಆ ಸಿಟ್ಟಿನ ಭರದಲ್ಲಿ ಚರ್ಚೆಯೆಲ್ಲ ಆಟದ ದೃಶ್ಯಗಳ ಹೊಳಪು, ಬೆಳಕು, ಮೈವಳಿಕೆಗಳ ಕಡೆ ಜಾರಿತು. ಪ್ರಾತ್ಯಕ್ಷಿಕೆಯಷ್ಟೇ ಚೆಂದವಾಗಿ ಕಂಡಿದ್ದರೂ ಎದುರಿನಿಂದ ಓಡಿಬರುವ ಝೆನೊಮಾರ್ಫ್ ಗುರಿಹಲಗೆಯಾಗಿಯೇ ಉಳಿಯುತ್ತಿತ್ತು.

‘ದ ರೇವನ್’ ಎಂಬ ಅಧ್ಯಾಯವನ್ನು ಇಲ್ಲಿ ಮರೆಯುವಂತಿಲ್ಲ. ವಿಂಟರ್ ಆಯುಧ ಕಳೆದುಕೊಂಡು ಮೋರಿಯಂಥ ಸುರಂಗಗಳಲ್ಲಿ ನಡೆಯಬೇಕು. ಅಲ್ಲಿರುವ ಜೀವಿಗಳು ಕುರುಡು, ಸದ್ದಿಗೆ ಎಚ್ಚೆತ್ತು ಸಿಡಿಯುತ್ತವೆ. ಅವುಗಳ ಚಲನೆ ತೀರಾ ಯಾಂತ್ರಿಕ, ಬಿಡುಗಡೆಯಾದಾಗ ಅದನ್ನು ಹಾಸ್ಯ ಮಾಡಿದವರೇ ಹೆಚ್ಚು. ಆದರೂ ಇಡೀ ಆಟದಲ್ಲಿ ಉಸಿರು ಬಿಗಿಹಿಡಿದು ಆಡುವ ಭಾಗ ಇದೊಂದೇ. ಇಲ್ಲಿ ಜೀವಿ ಎಲ್ಲಿ ನಿಂತಿದೆ ಎಂಬ ಪ್ರಶ್ನೆಗೆ ಮತ್ತೆ ಬೆಲೆ ಬರುತ್ತದೆ. ಅದೇ ಸೇಗಾ 2014ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ, ಕ್ರಿಯೇಟಿವ್ ಅಸೆಂಬ್ಲಿ ರಚಿಸಿದ ‘ಏಲಿಯನ್: ಐಸೊಲೇಷನ್’ ಈ ಪ್ರಶ್ನೆಯ ಮೇಲೆಯೇ ಪೂರ್ತಿ ನಿಂತ ಕೃತಿ. ಆಟದ ಬಹುಭಾಗ ಬೆನ್ನಟ್ಟುವುದು ಕೊಲ್ಲಲಾಗದ ಒಂದೇ ಒಂದು ಜೀವಿ. ಆಡುವವನಿರುವ ದಿಕ್ಕಿನ ಸುಳಿವು ಅದಕ್ಕೆ ಆಗಾಗ ದೊರೆಯುತ್ತದೆ. ಹುಡುಕುವ ಕೆಲಸ ಮಾತ್ರ ಅದರ ಕಿವಿ, ಕಣ್ಣುಗಳದ್ದು. ಅಲ್ಲಿ ಗಾಳಿಕೊಳವೆಯ ಒಂದು ಚಿಕ್ಕ ಸದ್ದು ಸಾಕು.

ತಿದ್ದಿದ ಕಡತದೊಂದಿಗೆ ‘ಕೊಲೊನಿಯಲ್ ಮರೀನ್ಸ್’ ಮತ್ತೆ ಆಡಿದರೆ ವ್ಯತ್ಯಾಸ ತಿಳಿಯುತ್ತದೆ: ಝೆನೊಮಾರ್ಫ್‌ಗಳು ಚದುರುತ್ತವೆ, ಬಳಸಿಕೊಂಡು ಬರುತ್ತವೆ, ಬೆನ್ನು ಗೋಡೆಗೆ ಒರಗಿಸಬೇಕೆನ್ನಿಸುತ್ತದೆ. ಆದರೆ ಒಂದು ಅಕ್ಷರದಿಂದ ಆಟ ಬೇರೆಯಾಗುವುದಿಲ್ಲ. ವೆಯ್ಲೆಂಡ್-ಯುಟಾನಿ ಕಂಪನಿಯ ಬಂದೂಕುಧಾರಿಗಳ ಜೊತೆಗಿನ ಕಾಳಗಗಳು ಇದ್ದಂತೆಯೇ ಇವೆ, ಮತ್ತು ಅವಕ್ಕೆ ಒಪ್ಪುವಂತೆ ಹಾಕಿದ ಮೊಗಸಾಲೆಗಳು, ಅಡಗುಕಟ್ಟೆಗಳು ಕೂಡ. ಆ ನಕ್ಷೆಗಳಲ್ಲಿ ಝೆನೊಮಾರ್ಫ್ ಬಳಸಬಲ್ಲ ದಾರಿಗಳೇ ಕಡಿಮೆ. ಕೋಡ್‌ನ ಸಾಲಿನಷ್ಟೇ ಎಚ್ಚರದಿಂದ ಈ ನಕ್ಷೆಗಳನ್ನೂ ಓದಬೇಕಾಗಿದೆ. ಸಂಶೋಧಕರು ಮೂಲ ಆವೃತ್ತಿಯನ್ನೂ ತಿದ್ದಿದ ಆವೃತ್ತಿಯನ್ನೂ ಒಂದೇ ಅಧ್ಯಾಯದಲ್ಲಿ ಅಕ್ಕಪಕ್ಕ ಇಟ್ಟು ಆಡಿ ನೋಡಿದರೆ, ಭಯದ ಯಾವ ಪಾಲು ಜೀವಿಯ ಅರಿವಿನದು, ಯಾವ ಪಾಲು ಅದು ಓಡಾಡುವ ಕಟ್ಟಡದ್ದು ಎಂದು ಬೇರ್ಪಡಿಸುವುದು ಸಾಧ್ಯ.